ಹಳೆಯ ಮರದ ಹಡಗಿನ ದುರಸ್ತಿ ಮತ್ತು ಅದರ ದಾಖಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನೂರಾರು ವರ್ಷದ ಹಡಗನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸ ಎಂದರೆ ಎಲ್ಲರ ಕಣ್ಣು ಬಡಗಿಯ ಉಳಿಯ ಮೇಲೆ ಹೋಗುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ, ಕ್ಯಾಮೆರಾ, ನೋಟುಪುಸ್ತಕ ಹಿಡಿದು ನಿಂತವರ ಕಡೆ ಅಷ್ಟಾಗಿ ಯಾರೂ ನೋಡುವುದಿಲ್ಲ. ಈ ಪುಟ ಅವರ ಕೆಲಸದ ಬಗ್ಗೆ. ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡಿರುವುದು ಬಾಂಬೆಯಲ್ಲಿ ಹುಟ್ಟಿ ಈಗ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿರುವ ಎಚ್‌ಎಂಎಸ್ ಟ್ರಿಂಕೊಮಲಿ ಎಂಬ ಯುದ್ಧನೌಕೆ. ಬೇರೆ ಹಡಗುಗಳ ಮಾತೂ ನಡುನಡುವೆ ಬರುತ್ತದೆ.

ಹಡಗು ಗಟ್ಟಿಯಾಗಿ ದುರಸ್ತಿಯಾದರೆ ಸಾಲದೇ? ದಾಖಲೆ ಯಾಕೆ ಬೇಕು?

ಮರದ ಹಡಗಿನ ದುರಸ್ತಿ ಎಂದರೆ ಮರ ಬದಲಿಸುವುದು. ಲಡ್ಡು ಹಿಡಿದ ಹಲಗೆ ತೆಗೆದು ಹೊಸದನ್ನು ಕೂರಿಸುತ್ತೇವೆ. ಆ ಹಲಗೆಯನ್ನು ಯಾರು ಹೇಗೆ ಕೆತ್ತಿದ್ದರು, ಯಾವ ಮೊಳೆ ಹೊಡೆದಿದ್ದರು, ಎಲ್ಲಿ ತೇಪೆ ಹಾಕಿದ್ದರು ಎನ್ನುವುದೆಲ್ಲ ಹಲಗೆಯ ಜೊತೆಗೇ ಹೊರಗೆ ಹೋಗುತ್ತದೆ. ಅಮೆರಿಕದ ಬಾಸ್ಟನ್‌ನಲ್ಲಿ 1797ರಲ್ಲಿ ನೀರಿಗಿಳಿದ ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ಇವತ್ತಿಗೂ ನೀರಿನ ಮೇಲಿದೆ. ಆದರೆ ಅದರಲ್ಲಿ ಮೊದಲ ದಿನದ ಮರ ಉಳಿದಿರುವುದು ಶೇಕಡಾ 10ರಿಂದ 15 ಎಂದು ಅಂದಾಜು. ಮಿಕ್ಕದ್ದೆಲ್ಲ ತಲೆಮಾರುಗಳು ಬದಲಿಸಿದ್ದು.

ಅದೇ ಹಡಗು ದಾಖಲೆಯ ಬೆಲೆಯನ್ನೂ ತೋರಿಸಿತು. ಹಡಗಿನ ನಕ್ಷೆ ಬರೆದ ಜೋಶುವಾ ಹಂಫ್ರೀಸ್, ಒಡಲಿನ ಒಳಗೆ ಓರೆಯಾಗಿ ಕೂರುವ ದಪ್ಪ ತೊಲೆಗಳನ್ನು ಸೂಚಿಸಿದ್ದ. ಅಡಿಮರ, ಅಂದರೆ ಹಡಗಿನ ತಳದಲ್ಲಿ ಉದ್ದಕ್ಕೂ ಬೆನ್ನೆಲುಬಿನಂತೆ ಇರುವ ಮರ, ಬಾಗದಂತೆ ತಡೆಯುವುದು ಅವುಗಳ ಕೆಲಸ. ಹಿಂದಿನ ಯಾವುದೋ ದುರಸ್ತಿಯಲ್ಲಿ ಅವು ಕಾಣೆಯಾದವು. ಅಡಿಮರ ಒಂದು ಅಡಿಗಿಂತ ಹೆಚ್ಚು ಬಾಗಿತು. 1990ರ ದಶಕದ ದುರಸ್ತಿಯಲ್ಲಿ ಹಂಫ್ರೀಸ್‌ನ ಹಳೆಯ ಕಾಗದಗಳನ್ನು ನೋಡಿ ಆ ಓರೆ ತೊಲೆಗಳನ್ನು ಮತ್ತೆ ಕೂರಿಸಿದರು. 1997ರಲ್ಲಿ ಹಡಗು ತನ್ನದೇ ಹಾಯಿ ಬಿಚ್ಚಿ ಸಾಗಿತು. ಆ ಕಾಗದಗಳು ಉಳಿಯದಿದ್ದರೆ ಇಂದಿನ ಎಂಜಿನಿಯರುಗಳು ಉಕ್ಕಿನ ಪಟ್ಟಿಯನ್ನೋ ಮತ್ತೊಂದನ್ನೋ ಹಾಕಿ ಕೈತೊಳೆದುಕೊಳ್ಳಬೇಕಾಗುತ್ತಿತ್ತು.

ಟ್ರಿಂಕೊಮಲಿಯನ್ನೇ ಯಾಕೆ ಉದಾಹರಣೆ ಮಾಡಿಕೊಂಡಿರಿ?

ಮೊದಲನೆಯದಾಗಿ, ಅದು ನಮ್ಮ ಪಶ್ಚಿಮ ಕರಾವಳಿಯ ಹಡಗು. ಬಾಂಬೆ ನೌಕಾಂಗಣದಲ್ಲಿ ಪಾರ್ಸಿ ಹಡಗುಗಾರ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಅವರ ಕೈಯಲ್ಲಿ, ಮಲಬಾರಿನ ತೇಗದಲ್ಲಿ ಕಟ್ಟಿದ್ದು. 1816ರಲ್ಲಿ ಅಡಿಮರ ಇಟ್ಟರು. ಪಾರ್ಸಿಗಳ ಸಂಪ್ರದಾಯದಂತೆ ಅದಕ್ಕೊಂದು ಬೆಳ್ಳಿಯ ಮೊಳೆ ಹೊಡೆದರು. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ನೆಪೋಲಿಯನ್ ಕಾಲದ ಯುದ್ಧಗಳಿಂದ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು. ತೇಗದಲ್ಲಿ ಎಣ್ಣೆಯ ಅಂಶ ಇರುವುದರಿಂದ ಹುಳು, ತೇವ ಎರಡನ್ನೂ ತಡೆದುಕೊಳ್ಳುತ್ತದೆ, ಹೊಡೆದ ಕಬ್ಬಿಣದ ಮೊಳೆಯನ್ನೂ ಓಕ್‌ನಷ್ಟು ಬೇಗ ತಿನ್ನುವುದಿಲ್ಲ.

ಎರಡನೆಯದು ಅದರ ನಕ್ಷೆಯ ಕಥೆ. ಬ್ರಿಟಿಷ್ ನೌಕಾಪಡೆ ಬಾಂಬೆಗೆ ನಕ್ಷೆಗಳನ್ನು ಕಳಿಸಿದ್ದು ಎಚ್‌ಎಂಎಸ್ ಜಾವಾ ಎಂಬ ಹಡಗಿನಲ್ಲಿ. 1812ರ ಡಿಸೆಂಬರ್ 29ರಂದು ಬ್ರೆಜಿಲ್ ತೀರದ ಬಳಿ ಜಾವಾಕ್ಕೆ ಎದುರಾದದ್ದು ಅದೇ ಕಾನ್‌ಸ್ಟಿಟ್ಯೂಷನ್. ಜಾವಾ ಸೋತಿತು, ಸುಟ್ಟುಹೋಯಿತು, ನಕ್ಷೆಗಳೂ ಹೋದವು. ಲಂಡನ್‌ನಿಂದ ಇನ್ನೊಂದು ಪ್ರತಿ ಬರುವವರೆಗೆ ಬಾಂಬೆಯಲ್ಲಿ ಕೆಲಸ ಕಾಯಬೇಕಾಯಿತು. ಒಂದೇ ಪ್ರತಿ ಇಟ್ಟುಕೊಂಡು ಕೂರುವವರಿಗೆ ಈ ಘಟನೆಯನ್ನು ತಪ್ಪದೆ ಹೇಳಬೇಕು.

ಮೂರನೆಯದು, ಹಡಗು ಕಂಡ ಬದುಕು. 1819ರಲ್ಲಿ ಇಂಗ್ಲೆಂಡ್ ತಲುಪುವ ಹೊತ್ತಿಗೆ ಯುದ್ಧ ಮುಗಿದಿತ್ತು. ಅದನ್ನು ವರ್ಷಗಟ್ಟಲೆ ಕಟ್ಟಿಹಾಕಿದರು. 1845ರ ಸುಮಾರಿಗೆ ತೋಪುಗಳನ್ನು 26ಕ್ಕೆ ಇಳಿಸಿ ಹಿಂಭಾಗದ ಆಕಾರವನ್ನೇ ಬದಲಿಸಿದರು. ನಂತರ ಕೆರಿಬಿಯನ್, ಶಾಂತಸಾಗರ, ಆಮೇಲೆ ತರಬೇತಿ ಹಡಗಿನ ಕೆಲಸ. 1897ರಲ್ಲಿ ಗುಜರಿಗೆ ಮಾರಿದ್ದನ್ನು ವೀಟ್ಲಿ ಕಾಬ್ ಎಂಬವರು ಕೊಂಡು, ಅದೇ ವರ್ಷ ಬ್ಲ್ಯಾಕ್‌ಪೂಲ್ ತೀರದಲ್ಲಿ ಒಡೆದುಹೋದ ತಮ್ಮ ಫೌಡ್ರಾಯಂಟ್ ಹಡಗಿನ ಹೆಸರನ್ನೇ ಇದಕ್ಕಿಟ್ಟು, ಹುಡುಗರಿಗೆ ಕಡಲ ಪಾಠ ಹೇಳಿಸಿದರು. 1987ರಲ್ಲಿ ಹಡಗು ಹಾರ್ಟಲ್‌ಪೂಲ್‌ಗೆ ಬಂತು. 1990ರಿಂದ 2001ರವರೆಗೆ ದುರಸ್ತಿ ನಡೆಯಿತು. 1992ರಲ್ಲಿ ಹಳೆಯ ಹೆಸರು ಮರಳಿತು. ಒಡಲಿನ ಅರ್ಧಕ್ಕಿಂತ ಹೆಚ್ಚು ಮರ ಇಂದಿಗೂ ಬಾಂಬೆಯಲ್ಲಿ ಕೂರಿಸಿದ ತೇಗವೇ. ಇಂಥ ಹಡಗಿನಲ್ಲಿ ಒಂದೊಂದು ಹಲಗೆಯೂ ಒಂದೊಂದು ಕಾಲದ್ದಾಗಿರಬಹುದು. ಯಾವುದು ಯಾವ ಕಾಲದ್ದು ಎಂದು ಬಿಡಿಸಿ ಬರೆಯುವುದೇ ದಾಖಲೆಯ ಮುಖ್ಯ ಕೆಲಸ.

ಆ ತೇಗ ನಮ್ಮ ಉತ್ತರ ಕನ್ನಡದ್ದೇ?

ದಾಖಲೆಗಳು ಹೇಳುವುದು ಮಲಬಾರಿನ ತೇಗ ಎಂದು. ಕೆನರಾ ಕಾಡುಗಳ ತೇಗವೂ ಬಾಂಬೆ ನೌಕಾಂಗಣಕ್ಕೆ ಹೋಗುತ್ತಿದ್ದದ್ದು ನಿಜ. ಹಡಗಿನ ಮರಕ್ಕೆ ಇದ್ದ ಹಸಿವು ಎಷ್ಟೆಂದರೆ 1806ರಲ್ಲೇ ಕಂಪನಿ ಸರ್ಕಾರ ಮಲಬಾರು, ತಿರುವಾಂಕೂರುಗಳ ಕಾಡಿಗೆ ಒಬ್ಬ ಅಧಿಕಾರಿಯನ್ನು ನೇಮಿಸಿತು. 1840ರ ದಶಕದಲ್ಲಿ ನಿಲಂಬೂರಿನಲ್ಲಿ ತೇಗದ ತೋಟವನ್ನೇ ಎಬ್ಬಿಸಬೇಕಾಯಿತು. ಹಾಗೆಂದು ಟ್ರಿಂಕೊಮಲಿಯ ಮರ ನಮ್ಮೂರಿನದು ಎಂದು ಹೇಳಿಕೊಂಡು ತಿರುಗುವುದು ಸರಿಯಲ್ಲ. ಅಭಿಮಾನ ದೊಡ್ಡದಿರಲಿ, ದಾಖಲೆಯಲ್ಲಿ ಬರೆಯುವಾಗ ಆಧಾರ ಇದ್ದಷ್ಟೇ ಬರೆಯಬೇಕು.

ಮೂಲ ನಕ್ಷೆಗಳು ಕೈಯಲ್ಲಿದ್ದರೆ ಮತ್ತೆ ಅಳೆಯುವುದು ಯಾಕೆ?

ನಕ್ಷೆ ಹೇಳುವುದು ಹಡಗು ಹೇಗಿರಬೇಕಿತ್ತು ಎಂದು. ಕಟ್ಟಿದವರು ಸಿಕ್ಕ ಮರಕ್ಕೆ ತಕ್ಕಂತೆ ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿರುತ್ತಾರೆ. ನಂತರದ ದುರಸ್ತಿಗಳು ಇನ್ನಷ್ಟು ಬದಲಿಸಿರುತ್ತವೆ. ಮತ್ತೆ ಮರ ತಾನಾಗಿಯೇ ಬಾಗುತ್ತದೆ. ಹಡಗಿನ ನಡುಭಾಗ ಅಗಲವಾಗಿರುವುದರಿಂದ ನೀರು ಅದನ್ನು ಚೆನ್ನಾಗಿ ಎತ್ತಿಹಿಡಿಯುತ್ತದೆ. ಕಿರಿದಾದ ಎರಡು ತುದಿಗಳಿಗೆ ಅಷ್ಟು ಆಸರೆ ಸಿಗುವುದಿಲ್ಲ. ಹೀಗೆ ವರ್ಷಾನುಗಟ್ಟಲೆ ನಿಂತರೆ ತುದಿಗಳು ಜಗ್ಗಿ ನಡು ಉಬ್ಬುತ್ತದೆ. ಮೇಲೆ ಹೇಳಿದ ಕಾನ್‌ಸ್ಟಿಟ್ಯೂಷನ್‌ನ ಬಾಗು ಇದೇ. ಈ ಬಾಗನ್ನು ಯಾವ ಹಳೆಯ ನಕ್ಷೆಯೂ ತೋರಿಸುವುದಿಲ್ಲ.

ಆದ್ದರಿಂದ ಎರಡು ಬೇರೆ ನಕ್ಷೆ ಬೇಕು: ಇಂದು ಇರುವ ಹಾಗೆ ಒಂದು, ಅಂದು ಇದ್ದಿರಬಹುದಾದ ಹಾಗೆ ಇನ್ನೊಂದು. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿದರೆ ಮುಂದೆ ನೋಡುವವರಿಗೆ ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ.

ದಾಖಲೆ ಯಾವಾಗ ಶುರುವಾಗಬೇಕು?

ಹಡಗು ಇನ್ನೂ ನೀರಿನಲ್ಲಿರುವಾಗಲೇ. ನೀರಿನಿಂದ ಎತ್ತಿ ದಿಮ್ಮಿಗಳ ಮೇಲೆ ಕೂರಿಸಿದ ಕೂಡಲೇ ಭಾರ ಬೀಳುವ ಜಾಗ ಬದಲಾಗುತ್ತದೆ, ಆಕಾರವೂ ಬದಲಾಗುತ್ತದೆ. ತೇಲುವಾಗ ಒಮ್ಮೆ, ಎತ್ತಿದ ಮೇಲೆ ಒಮ್ಮೆ, ಬಿಚ್ಚುತ್ತ ಹೋದ ಹಾಗೆ ಮತ್ತೆ ಮತ್ತೆ ಅಳೆಯಬೇಕು. ಬಿಚ್ಚುವ ಕೆಲಸಕ್ಕೆ ಹಣ ಸಿಕ್ಕಿದೆ, ಅಳೆಯುವುದಕ್ಕೆ ಆಮೇಲೆ ನೋಡೋಣ ಎಂದರೆ ಆ ‘ಆಮೇಲೆ’ ಬರುವುದಿಲ್ಲ.

ಅಳೆಯುವುದು ಹೇಗೆ? ಲೇಸರ್ ಯಂತ್ರ ಇಲ್ಲದೆ ಆಗುವುದಿಲ್ಲವೇ?

ಆಗುತ್ತದೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕ ಸರ್ಕಾರ, ಕೆಲಸ ಕಳೆದುಕೊಂಡ ಹಡಗು ವಿನ್ಯಾಸಕಾರರಿಗೆ ಸಂಬಳ ಕೊಟ್ಟು ದೇಶದ ಕರಾವಳಿಯ ಹಳೆಯ ವಾಣಿಜ್ಯ ಹಡಗುಗಳನ್ನು ಅಳೆಸಿತು. ಅವರ ಕೈಯಲ್ಲಿ ಇದ್ದದ್ದು ಅಳತೆಪಟ್ಟಿ, ದಾರ, ತೂಗುಗುಂಡು, ರಸಮಟ್ಟ. ಅವರು ಅಳೆದ ಎಷ್ಟೋ ಹಡಗುಗಳು ಈಗ ಇಲ್ಲ. ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ನಕ್ಷೆಗಳು ಇವೆ.

ಕೈಯಿಂದ ಅಳೆಯುವ ಕ್ರಮ ಹೀಗೆ. ಹಡಗಿನ ಪಕ್ಕದಲ್ಲಿ ಉದ್ದಕ್ಕೂ ಒಂದು ನೇರ ದಾರ ಬಿಗಿಯಬೇಕು, ಅದೇ ಆಧಾರ ರೇಖೆ. ಗೊತ್ತಾದ ಅಂತರದಲ್ಲಿ ಆ ದಾರದಿಂದ ಒಡಲಿಗೆ ಎಷ್ಟು ದೂರ ಎಂದು ಬೇರೆ ಬೇರೆ ಎತ್ತರಗಳಲ್ಲಿ ಅಳೆದು ಪಟ್ಟಿ ಮಾಡಬೇಕು. ಆ ಅಂಕಿಗಳಿಂದ ಕಾಗದದ ಮೇಲೆ ಅಡ್ಡಸೀಳು, ಉದ್ದಸೀಳು, ನೀರ್ಗೆರೆಗಳು (ಒಡಲನ್ನು ಅಡ್ಡಕ್ಕೆ, ಉದ್ದಕ್ಕೆ, ನೀರಿನ ಮಟ್ಟಕ್ಕೆ ಸಮವಾಗಿ ಕತ್ತರಿಸಿದರೆ ಕಾಣುವ ಆಕಾರಗಳು) ಮೂಡುತ್ತವೆ. ಮೂರೂ ಒಂದಕ್ಕೊಂದು ಹೊಂದಿದರೆ ಅಳತೆ ಸರಿ. ಹೊಂದದಿದ್ದರೆ ಮತ್ತೆ ಹೋಗಿ ಅಳೆಯಬೇಕು. ನಿಧಾನದ ಕೆಲಸ ಇದು, ಆದರೆ ಅಳೆಯುತ್ತ ಅಳೆಯುತ್ತ ಹಡಗು ಅರ್ಥವಾಗುತ್ತದೆ. ಈ ಲಾಭವನ್ನು ಯಂತ್ರ ಕೊಡುವುದಿಲ್ಲ.

ಲೇಸರ್ ಸ್ಕ್ಯಾನರ್ ಕಡಿಮೆ ಹೊತ್ತಿನಲ್ಲಿ ಕೋಟಿಗಟ್ಟಲೆ ಬಿಂದುಗಳನ್ನು ಕೊಡುತ್ತದೆ. ಅಮೆರಿಕದ ಮಿಸ್ಟಿಕ್ ಸೀಪೋರ್ಟ್ ಸಂಗ್ರಹಾಲಯದವರು 1841ರ ತಿಮಿಂಗಿಲ ಬೇಟೆಯ ಹಡಗು ಚಾರ್ಲ್ಸ್ ಡಬ್ಲ್ಯು. ಮಾರ್ಗನ್ ಅನ್ನು 2008ರಲ್ಲಿ ನೀರಿನಿಂದ ಎತ್ತಿ ದುರಸ್ತಿಗೆ ತೆಗೆದುಕೊಂಡಾಗ ಲೇಸರ್ ಸ್ಕ್ಯಾನ್ ಮಾಡಿದರು, ಮರದ ಒಳಗಿನ ಮೊಳೆಗಳನ್ನು ನೋಡಲು ಎಕ್ಸ್‌ರೇಯನ್ನೂ ತೆಗೆದರು. ಅದು ಸೊಗಸಾದ ಕೆಲಸ. ಆದರೆ ಸ್ಕ್ಯಾನರ್‌ಗೆ ಕಾಣುವುದು ಮೇಲ್ಮೈ ಮಾತ್ರ. ಎರಡು ಹಲಗೆಗಳ ನಡುವಿನ ಗೆರೆ ಜೋಡಣೆಯೋ ಬಿರುಕೋ ಎಂದು ಅದು ಹೇಳುವುದಿಲ್ಲ. ಬಗ್ಗಿ ನೋಡಿದ ಮನುಷ್ಯನೇ ಹೇಳಬೇಕು. ಎರಡರಲ್ಲಿ ಒಂದಕ್ಕೇ ಹಣ ಇದೆ ಎನ್ನುವುದಾದರೆ, ಹಡಗು ಬಲ್ಲ ಒಬ್ಬರಿಗೆ ಸಂಬಳ ಕೊಡಿ ಎನ್ನುತ್ತೇನೆ.

ಬಿಚ್ಚಿದ ಮರಗಳಿಗೆ ಗುರುತು ಹಾಕುವುದು ಹೇಗೆ?

ಬಿಚ್ಚುವ ಮೊದಲೇ ಸಂಖ್ಯೆ ಕೊಡಬೇಕು. ಪಕ್ಕೆಲುಬುಗಳಿಗೆ ಮುಂದಿನಿಂದ ಹಿಂದಕ್ಕೆ ಸಂಖ್ಯೆ, ಹಲಗೆ ಸಾಲುಗಳಿಗೆ ಅಡಿಮರದಿಂದ ಮೇಲಕ್ಕೆ ಸಂಖ್ಯೆ, ಜೊತೆಗೆ ಎಡವೋ ಬಲವೋ. ತುಕ್ಕು ಹಿಡಿಯದ ಲೋಹದ ಬಿಲ್ಲೆಯ ಮೇಲೆ ಅಚ್ಚೊತ್ತಿ ಮೊಳೆ ಹೊಡೆಯುವುದು ಒಳ್ಳೆಯದು. ಅಂಟಿಸಿದ ಕಾಗದ ಮಳೆಗಾಲ ದಾಟುವುದಿಲ್ಲ, ಸೀಮೆಸುಣ್ಣದ ಗುರುತು ಒಂದು ವಾರವೂ ಇರುವುದಿಲ್ಲ. ಯಾವ ಮುಖ ಹೊರಗೆ, ಯಾವ ತುದಿ ಮುಂದೆ ಎಂಬುದೂ ಬಿಲ್ಲೆಯಲ್ಲಿ ಇರಲಿ.

ಬಿಚ್ಚಿದ್ದನ್ನು ಬೇರೆ ಜಾಗದಲ್ಲಿ ಇಡುವುದರಿಂದ ಇನ್ನೊಂದು ಲಾಭವಿದೆ. ಲಂಡನ್‌ನ ಗ್ರೀನಿಚ್‌ನಲ್ಲಿ ಕಟಿ ಸಾರ್ಕ್ ಹಡಗಿನ ದುರಸ್ತಿ ನಡೆಯುತ್ತಿದ್ದಾಗ 2007ರ ಮೇ 21ರಂದು ಬೆಂಕಿ ಬಿತ್ತು. ಕೂವೆಕಂಬಗಳು, ಬಹಳಷ್ಟು ಹಲಗೆಗಳು ಅದಾಗಲೇ ಬಿಚ್ಚಿ ಬೇರೆಡೆ ಸೇರಿದ್ದರಿಂದ ಹಡಗು ಉಳಿಯಿತು. 2012ರಲ್ಲಿ ಮತ್ತೆ ಜನರಿಗೆ ತೆರೆದರು.

ಕೊಳೆತ ಮರವನ್ನು ಎಸೆಯಬಹುದೇ?

ನೋಡದೆ ಎಸೆಯಬೇಡಿ. ಹಲಗೆಯನ್ನು ತಿರುವಿ ಹಾಕಿದರೆ ಇಷ್ಟು ಕಾಲ ಬೆಳಕು ಕಾಣದ ಮುಖ ಸಿಗುತ್ತದೆ. ಬಾಚಿಯ ಹೊಡೆತಗಳು, ಬಡಗಿ ಗೀರಿದ ಅಂಕಿಗಳು, ಗರಗಸದ ಗುರುತು ಎಲ್ಲ ಅಲ್ಲಿರುತ್ತವೆ. ಕೈಗರಗಸದ ಗೆರೆಗಳು ಏರುಪೇರಾಗಿ ಓರೆಯಾಗಿರುತ್ತವೆ, ಚಕ್ರಗರಗಸದವು ಬಿಲ್ಲಿನಂತೆ ಬಾಗಿರುತ್ತವೆ. ಬಾಗಿದ ಗೆರೆ ಕಂಡರೆ ಆ ಹಲಗೆ ಯಂತ್ರ ಬಂದ ಮೇಲಿನ ದುರಸ್ತಿಯದು. ಅಡ್ಡಲಾಗಿ ಒಂದು ಬಿಲ್ಲೆ ಕತ್ತರಿಸಿ ಇಟ್ಟುಕೊಂಡರೆ ಬೆಳವಣಿಗೆಯ ಉಂಗುರಗಳಿಂದ ಮರದ ಕಾಲ ಕಂಡುಹಿಡಿಯಲು ಸಾಧ್ಯ. ತೊಗಟೆಯ ಹತ್ತಿರದ ಅಂಚು ಉಳಿದಿದ್ದರೆ ಕಡಿದ ವರ್ಷವೇ ಸಿಗಬಹುದು. ಮೊಳೆ, ತಾಮ್ರದ ಸಲಾಕೆ, ಮರದ ಬೆಣೆ, ಸಂದಿಗೆ ತುಂಬಿದ ನಾರು ಪ್ರತಿಯೊಂದರದ್ದೂ ಒಂದು ಮಾದರಿ ಎತ್ತಿಡಿ. ಎಲ್ಲವನ್ನೂ ಇಟ್ಟುಕೊಳ್ಳಲು ಯಾರಿಗೂ ಜಾಗವಿಲ್ಲ, ಒಪ್ಪುತ್ತೇನೆ. ಆದರೆ ಏನನ್ನು ಬಿಟ್ಟೆವು, ಯಾಕೆ ಬಿಟ್ಟೆವು ಎಂದು ಬರೆದಿಡಲು ಒಂದು ಪುಟ ಸಾಕು.

ಮೊಬೈಲ್ ಫೋಟೋ ಸಾಕೇ?

ಸಾಕು, ಕ್ರಮವಾಗಿ ತೆಗೆದರೆ. ಪ್ರತಿ ಚಿತ್ರದಲ್ಲೂ ಅಳತೆಕೋಲು ಮತ್ತು ಸಂಖ್ಯೆಯ ಫಲಕ ಇರಲಿ. ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ. ಗೀರು, ಕೆತ್ತನೆ ಕಾಣಬೇಕಾದರೆ ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ, ಮರದ ಮೇಲ್ಮೈಗೆ ತಾಗುವ ಹಾಗೆ ಹಿಡಿಯಿರಿ. ಕಣ್ಣಿಗೆ ಬೀಳದ ಅಂಕಿಗಳೂ ನೆರಳಿನಲ್ಲಿ ಎದ್ದು ಬರುತ್ತವೆ. ನಗುತ್ತ ನಿಂತ ಗುಂಪಿನ ಫೋಟೋಗಳೂ ಬೇಕು. ಯಾರು ಯಾರು ಎಂದು ಅದೇ ದಿನ ಬರೆದಿಡಿ.

ಬಣ್ಣ ಕೆರೆಯುವ ಮೊದಲು ಏನು ಮಾಡಬೇಕು?

ಒಂದು ಚಿಕ್ಕ ಚೂರನ್ನು ಪದರ ಸಮೇತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ಪೋರ್ಟ್ಸ್‌ಮತ್‌ನ ಎಚ್‌ಎಂಎಸ್ ವಿಕ್ಟರಿಗೆ ಬಹುಕಾಲ ಬಳಿಯುತ್ತಿದ್ದ ಹಳದಿ, 1805ರಲ್ಲಿ ಬ್ರಿಟಿಷರು ಫ್ರೆಂಚರನ್ನು ಸೋಲಿಸಿದ ಟ್ರಫಾಲ್ಗರ್ ಕಡಲ ಯುದ್ಧದ ಕಾಲದ ಹಳದಿ ಅಲ್ಲ ಎಂದು ಹೀಗೆಯೇ ಪದರಗಳನ್ನು ಪರೀಕ್ಷಿಸಿ ಕಂಡುಕೊಂಡರು. 2015ರಲ್ಲಿ ಅದಕ್ಕಿಂತ ತಿಳಿಯಾದ ಬಣ್ಣ ಬಳಿದರು.

ಹೊಸದಾಗಿ ಹಾಕಿದ ಮರವನ್ನೂ ದಾಖಲಿಸಬೇಕೇ?

ಖಂಡಿತ. ಇನ್ನು ನೂರು ವರ್ಷಕ್ಕೆ ಅದೇ ಹಳೆಯ ಮರ. ಯುರೋಪಿನ ಹಳೆಯ ಹಡಗುಗಳ ಸಂರಕ್ಷಕರು 2000ದ ದಶಕದ ಆರಂಭದಲ್ಲಿ ಒಪ್ಪಿಕೊಂಡ ಬಾರ್ಸಿಲೋನಾ ಸನ್ನದು, ಕಟ್ಟಡಗಳಿಗಾಗಿ 1964ರಲ್ಲಿ ಬಂದ ವೆನಿಸ್ ಸನ್ನದಿನ ಹಾದಿಯಲ್ಲೇ ನಡೆಯುತ್ತದೆ: ಮಾಡಿದ ಕೆಲಸವೆಲ್ಲ ದಾಖಲಾಗಬೇಕು. ನನ್ನ ಮಟ್ಟಿಗೆ ಪ್ರತಿ ಹೊಸ ತುಂಡಿನ ಒಳಮುಖದಲ್ಲಿ ವರ್ಷ ಕೊರೆಯುವುದಕ್ಕಿಂತ ಸುಲಭವಾದ, ಉಪಕಾರದ ಅಭ್ಯಾಸ ಇನ್ನೊಂದಿಲ್ಲ.

ಮರ ಎಲ್ಲಿಂದ ಬಂತು ಎನ್ನುವುದನ್ನೂ ಬರೆಯಬೇಕು. ಮಾರ್ಗನ್ ಹಡಗಿಗೆ ಬಳಸಿದ ಲೈವ್ ಓಕ್ ಎಂಬ ಗಟ್ಟಿ ಜಾತಿಯ ಓಕ್‌ನಲ್ಲಿ ಕೆಲವು ಚಂಡಮಾರುತಕ್ಕೆ ಬಿದ್ದ ಮರಗಳು. ಇನ್ನು ಕೆಲವು, ಬಾಸ್ಟನ್‌ನ ಚಾರ್ಲ್ಸ್‌ಟೌನ್‌ನಲ್ಲಿ ಆಸ್ಪತ್ರೆ ಕಟ್ಟಲು ನೆಲ ಅಗೆಯುವಾಗ ಸಿಕ್ಕ, ಹಿಂದೆ ನೌಕಾಂಗಣದವರು ಹೂತಿಟ್ಟಿದ್ದ ದಿಮ್ಮಿಗಳು. ಇದನ್ನು ಬರೆಯದಿದ್ದರೆ ಮುಂದೊಮ್ಮೆ ಉಂಗುರ ಎಣಿಸುವವರು ಹೊಸ ದುರಸ್ತಿಯ ತುಂಡನ್ನು ಹಡಗಿಗಿಂತ ಹಳೆಯದೆಂದು ಹೇಳಿಬಿಡಬಹುದು.

ಬಡಗಿಗಳ ಕೈಕೆಲಸವನ್ನು ಕಾಗದದ ಮೇಲೆ ಇಳಿಸಲು ಸಾಧ್ಯವೇ?

ಪೂರ್ತಿ ಆಗುವುದಿಲ್ಲ. ಆದರೂ ಬಹುತೇಕ ಕಡೆ ಬಿಟ್ಟುಹೋಗುವುದು ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮರ ಆರಿಸುವಾಗ ಬಡಗಿ ಎಳೆ ಯಾವ ಕಡೆ ಓಡುತ್ತದೆ ಎಂದು ನೋಡುತ್ತಾನೆ. ಬಾಗಿದ ಪಕ್ಕೆಲುಬಿಗೆ ಬಾಗಿಯೇ ಬೆಳೆದ ಕೊಂಬೆ ಬೇಕು. ನೇರ ಮರವನ್ನು ಬಾಗಾಗಿ ಕತ್ತರಿಸಿದರೆ ಎಳೆ ತುಂಡಾಗಿ ಬಲ ಹೋಗುತ್ತದೆ. ಹಲಗೆಯನ್ನು ಹಬೆಯಲ್ಲಿ ಎಷ್ಟು ಹೊತ್ತು ಇಡಬೇಕು, ತೆಗೆದ ಮೇಲೆ ಎಷ್ಟು ಬೇಗ ಬಾಗಿಸಿ ಕಟ್ಟಬೇಕು, ಸಂದಿಗೆ ನಾರು ಬಡಿಯುವಾಗ ಸುತ್ತಿಗೆಯ ಸದ್ದು ಹೇಗೆ ಬದಲಾದರೆ ಸಾಕು ಎಂದರ್ಥ, ಇವೆಲ್ಲ ಕೇಳಿ ತಿಳಿಯಬೇಕಾದವು. ಕೂರಿಸಿ ಸಂದರ್ಶನ ಮಾಡಿದರೆ ಯಾರೂ ಹೇಳುವುದಿಲ್ಲ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು, ‘ಈ ತುಂಡನ್ನು ಯಾಕೆ ಬದಿಗಿಟ್ಟಿರಿ?’ ಎಂದು ಕೇಳಿದರೆ ಹೇಳುತ್ತಾರೆ. ಆ ಮಾತನ್ನು ಅವರದೇ ಭಾಷೆಯಲ್ಲಿ, ಅವರು ಬಳಸಿದ ಪದದಲ್ಲೇ ಬರೆದುಕೊಳ್ಳಬೇಕು. ವಿಡಿಯೋ ತೆಗೆದರೆ ಮುಖಕ್ಕಿಂತ ಕೈ ಹೆಚ್ಚು ಕಾಣಲಿ, ಸದ್ದು ಸ್ಪಷ್ಟ ಇರಲಿ. ಒಪ್ಪಿದವರ ಹೆಸರನ್ನು ದಾಖಲೆಯಲ್ಲಿ ಸೇರಿಸಬೇಕು. ಬಾಂಬೆಯ ವಾಡಿಯಾಗಳ ಹೆಸರು ಉಳಿದಿದೆ. ಅವರ ಕೈಕೆಳಗೆ ಟ್ರಿಂಕೊಮಲಿಯ ತೇಗವನ್ನು ಬಾಚಿಯಿಂದ ಸವರಿದ ನೂರಾರು ಜನರ ಹೆಸರು ಹಡಗು ನೋಡಲು ಹೋದವರಿಗೆ ಎಲ್ಲೂ ಕಾಣಸಿಗದು. ನನಗೆ ಇದು ಬಹಳ ನೋವಿನ ಸಂಗತಿ.

ಹಡಗನ್ನು ಉಳಿಸಲು ಆಗದೇ ಇದ್ದರೆ?

ಆಗ ದಾಖಲೆಯ ಜವಾಬ್ದಾರಿ ಇನ್ನೂ ಹೆಚ್ಚು. ಟ್ರಿಂಕೊಮಲಿಯ ಜೊತೆಯಲ್ಲೇ ತರಬೇತಿಗೆ ನಿಂತಿದ್ದ ಇಂಪ್ಲೇಕಬಲ್, ಟ್ರಫಾಲ್ಗರ್‌ನಲ್ಲಿ ಫ್ರೆಂಚರ ಪರ ಹೋರಾಡಿದ್ದ ಹಡಗು. ದುರಸ್ತಿಗೆ ಹಣವಿಲ್ಲವೆಂದು 1949ರ ಡಿಸೆಂಬರ್ 2ರಂದು ಬ್ರಿಟನ್, ಫ್ರಾನ್ಸ್ ಎರಡೂ ಬಾವುಟ ಏರಿಸಿ ಅದನ್ನು ಕಡಲಲ್ಲಿ ಮುಳುಗಿಸಿದರು. ಹಿಂಭಾಗದ ಅಲಂಕಾರ ಮತ್ತು ಮುಂಭಾಗದ ಪ್ರತಿಮೆ ಗ್ರೀನಿಚ್‌ನ ಸಂಗ್ರಹಾಲಯದಲ್ಲಿವೆ. ಅದರ ಬಗ್ಗೆ ಎದ್ದ ಬೇಸರ ಮುಂದೆ ಕಟಿ ಸಾರ್ಕ್ ಉಳಿಸುವ ಪ್ರಯತ್ನಕ್ಕೆ ಬಲ ಕೊಟ್ಟಿತು.

ದಾಖಲೆಯೇ ಇಲ್ಲದ ಹಡಗನ್ನು ಮತ್ತೆ ಕಟ್ಟಲು ಆಗುತ್ತದೆಯೇ?

ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆಯಲ್ಲಿ 2025ರ ಮೇ 21ರಂದು ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ ಇದಕ್ಕೆ ಉತ್ತರ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. ಮೂಲ ನಕ್ಷೆ ಇರಲಿಲ್ಲ. ಇದ್ದದ್ದು ಅಜಂತಾದ ಗೋಡೆಯ ಮೇಲಿನ 5ನೇ ಶತಮಾನದ ಒಂದು ಚಿತ್ರ, ಮತ್ತು ಕೇರಳದ ಹೊಲಿಗೆ ಹಡಗುಗಾರರ ಕೈಯಲ್ಲಿ ಉಳಿದಿದ್ದ ವಿದ್ಯೆ. ಮಾದರಿ ಮಾಡಿ ಐಐಟಿ ಮದ್ರಾಸಿನಲ್ಲಿ ನೀರಿನಲ್ಲಿ ಪರೀಕ್ಷಿಸಬೇಕಾಯಿತು. ಅದರ ಹಾಯಿಯ ಮೇಲೆ ಗಂಡಭೇರುಂಡ ಇದೆ, ನೋಡಲು ಹೆಮ್ಮೆಯಾಗುತ್ತದೆ. ಆದರೆ ಅದನ್ನು ಕಟ್ಟಿದವರು ಪ್ರತಿ ಹೆಜ್ಜೆಯಲ್ಲೂ ಊಹಿಸಬೇಕಾಯಿತು, ಯಾಕೆಂದರೆ ಹಿಂದಿನವರು ಅಳತೆ ಬರೆದಿಟ್ಟಿರಲಿಲ್ಲ.

ನಮ್ಮಲ್ಲಿ ಅಷ್ಟು ದೊಡ್ಡ ಹಡಗುಗಳಿಲ್ಲ. ಊರಿನ ಮರದ ದೋಣಿಯನ್ನು ದಾಖಲಿಸಬಹುದೇ?

ಅದನ್ನೇ ಮೊದಲು ಮಾಡಬೇಕು. ಕರಾವಳಿಯಲ್ಲಿ ಮರದ ದೋಣಿಗಳ ಜಾಗಕ್ಕೆ ಫೈಬರ್ ದೋಣಿಗಳು ಬಂದಿವೆ. ಮರದ್ದು ದಡದಲ್ಲಿ ಬಿಸಿಲಿಗೆ ಬಿರಿಯುತ್ತ ಬಿದ್ದಿರುವುದನ್ನು ಎಲ್ಲರೂ ನೋಡಿದ್ದೇವೆ. ಒಂದು ದೋಣಿಗೆ ದೊಡ್ಡ ತಂಡ ಬೇಡ. ಉದ್ದಕ್ಕೆ ದಾರ ಕಟ್ಟಿ, ಮೊಳಕ್ಕೊಂದು ಅಡ್ಡ ಅಳತೆ ತೆಗೆಯಿರಿ. ಯಾವ ಮರ, ಯಾವ ಎಣ್ಣೆ ಹಚ್ಚುತ್ತಿದ್ದರು, ಹೊಲಿದದ್ದೋ ಮೊಳೆ ಹೊಡೆದದ್ದೋ, ಯಾವ ಮೀನಿಗೆ ಯಾವ ತಿಂಗಳು ಹೋಗುತ್ತಿದ್ದರು ಎಂದು ಅದರ ಒಡೆಯರನ್ನು ಕೇಳಿ ಬರೆಯಿರಿ. ದೋಣಿಯ ಒಂದೊಂದು ಭಾಗಕ್ಕೂ ಆ ಊರಿನಲ್ಲಿ ಏನೆನ್ನುತ್ತಾರೋ ಅದೇ ಹೆಸರು ಬರೆಯಿರಿ. ಬೈಂದೂರಿನ ಹೆಸರನ್ನು ಉಳ್ಳಾಲದ ದೋಣಿಗೆ ಹಾಕಬೇಡಿ.

ದುರಸ್ತಿ ಮುಗಿದ ಮೇಲೆ ದಾಖಲೆಯೂ ಮುಗಿಯಿತೇ?

ಇಲ್ಲ. ಸ್ಟಾಕ್‌ಹೋಮ್‌ನ ವಾಸಾ ಹಡಗು 1628ರಲ್ಲಿ ಮೊದಲ ಪಯಣದಲ್ಲೇ ಮುಳುಗಿ, 1961ರಲ್ಲಿ ಮೇಲೆ ಬಂದು, ಈಗ ಸಂಗ್ರಹಾಲಯದೊಳಗೆ ನಿಂತಿದೆ. ಒಡಲಿನ ಮೇಲೆ ಗುರುತಿಟ್ಟ ಬಿಂದುಗಳನ್ನು ಮತ್ತೆ ಮತ್ತೆ ಅಳೆಯುತ್ತ ಬಂದದ್ದರಿಂದಲೇ ಅದು ತನ್ನ ಭಾರಕ್ಕೆ ನಿಧಾನವಾಗಿ ಕುಸಿಯುತ್ತಿದೆ ಎಂದು ಗೊತ್ತಾಯಿತು. ಹೊಸ ಆಸರೆಯ ಕೆಲಸ ಶುರುವಾಯಿತು. 1922ರಿಂದ ಒಣಕಟ್ಟೆಯಲ್ಲಿರುವ ವಿಕ್ಟರಿಗೂ ಈಗ 134 ಉಕ್ಕಿನ ಊರುಗಂಬಗಳಿವೆ. ಒಂದೊಂದರ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ಸದಾ ಅಳೆಯುತ್ತಿರುತ್ತಾರೆ.

ಕಡತಗಳನ್ನು ಎಲ್ಲಿ ಇಡಬೇಕು?

ಮೂರು ಪ್ರತಿ, ಕನಿಷ್ಠ ಎರಡು ಬೇರೆ ಊರುಗಳಲ್ಲಿ. ಒಂದೇ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಮಾತ್ರ ತೆರೆಯುವ ಕಡತ ಬೇಡ; ಚಿತ್ರಕ್ಕೆ ಟಿಫ್, ಬರಹಕ್ಕೆ ಪಿಡಿಎಫ್, ಸ್ಕ್ಯಾನ್‌ಗೆ ಇ57 ಥರದ ಎಲ್ಲರಿಗೂ ತೆರೆಯುವ ರೂಪ ಇರಲಿ. ಮುಖ್ಯ ನಕ್ಷೆಗಳನ್ನು ಒಳ್ಳೆಯ ಕಾಗದದಲ್ಲಿ ಮುದ್ರಿಸಿ. ಹಾರ್ಡ್ ಡಿಸ್ಕ್ ಹತ್ತು ವರ್ಷಕ್ಕೆ ಕೈಕೊಡಬಹುದು, ಹಂಫ್ರೀಸ್‌ನ ಕಾಗದ ಇನ್ನೂರು ವರ್ಷ ಬಾಳಿತು.

ಟ್ರಿಂಕೊಮಲಿಯನ್ನು ಹೋಗಿ ನೋಡಬಹುದೇ?

ನೋಡಬಹುದು. ಹಾರ್ಟಲ್‌ಪೂಲ್‌ನ ರಾಯಲ್ ನೇವಿ ಸಂಗ್ರಹಾಲಯದಲ್ಲಿ ನೀರಿನ ಮೇಲೆಯೇ ನಿಂತಿದೆ, ಒಳಗೆ ಬಿಡುತ್ತಾರೆ. ಬ್ರಿಟನ್‌ನಲ್ಲಿರುವ ಕನ್ನಡಿಗರು ಸಾಧ್ಯವಾದರೆ ಸ್ಕಾಟ್‌ಲೆಂಡಿನ ಡಂಡಿಯಲ್ಲಿರುವ ಎಚ್‌ಎಂಎಸ್ ಯೂನಿಕಾರ್ನ್ ಅನ್ನೂ ನೋಡಿ. 1824ರಲ್ಲಿ ನೀರಿಗಿಳಿದ ಅದು ಅದೇ ನಕ್ಷೆಯ ವಂಶದ್ದು, ಆದರೆ ಇಂಗ್ಲೆಂಡಿನಲ್ಲಿ ಕಟ್ಟಿದ್ದು. ಎರಡನ್ನೂ ನೋಡುವುದಾದರೆ ಮೊದಲು ಕೆಳಗಿನ ಅಂತಸ್ತಿಗೆ ಇಳಿಯಿರಿ. ಬಾಂಬೆಯವರು ಮರ ಜೋಡಿಸಿದ ಬಗೆಯನ್ನೂ ಇಂಗ್ಲೆಂಡಿನವರು ಜೋಡಿಸಿದ ಬಗೆಯನ್ನೂ ಹೋಲಿಸಲು ಅಲ್ಲಿ ಚೆನ್ನಾಗಿ ಆಗುತ್ತದೆ.